ಪಿಎಚ್‌ಡಿ ಮೊದಲ ವರ್ಷ: ಎಲ್ಲಿಂದ ಶುರು ಮಾಡಲಿ?

ಬಯಲುಸೀಮೆ ಓದುಗಿ

ಎಲ್ಲರಿಗೂ ನಮಸ್ಕಾರ. ಇತಿಹಾಸದಲ್ಲಿ ಎಂಎ ಮುಗಿಸಿ, ಸಂಶೋಧನೆಗೆ ತಿಂಗಳು ತಿಂಗಳು ದುಡ್ಡು ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿ, ಈಗ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿದ್ದೇನೆ. ನಮ್ಮ ಮನೆಯಲ್ಲಿ ಇಷ್ಟು ದೂರ ಓದಿದವಳು ನಾನೊಬ್ಬಳೇ. ವಿಷಯ ಮೈಸೂರು ಸಂಸ್ಥಾನದ ಕೆರೆಗಳು. ಗೈಡ್ ಒಳ್ಳೆಯವರು, ಆದರೆ ಯಾವಾಗಲೂ ಬಿಜಿ. "ಮೊದಲು ಓದು, ಆಮೇಲೆ ನೋಡೋಣ" ಅಂದಿದ್ದಾರೆ. ಏನು ಓದಬೇಕು, ಎಷ್ಟು ಓದಿದರೆ ಸಾಕು, ಒಂದೂ ಗೊತ್ತಾಗುತ್ತಿಲ್ಲ. ಫೆಲೋಶಿಪ್ ಯಾವಾಗ ಬರುತ್ತೆ ಅಂತ ಕೇಳಿದರೆ ವಿಶ್ವವಿದ್ಯಾಲಯದ ಆಫೀಸಿನ ಸೆಕ್ಷನ್‌ನವರು "ಬರುತ್ತೆ ಬಿಡಮ್ಮ" ಅಂತಾರೆ. ಊರಿನ ಹತ್ತಿರ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸ ಇತ್ತು, ಅದನ್ನು ಮುಂದುವರಿಸಬಹುದಾ? ದಾರಿ ನಡೆದು ನೋಡಿದವರು ದಯವಿಟ್ಟು ಹೇಳಿ.

ಹಳೇ ಸ್ಕಾಲರ್

ಅಭಿನಂದನೆಗಳು. ಮೊದಲು ಕೆಲಸದ ಪ್ರಶ್ನೆ. ಜೆಆರ್‌ಎಫ್ ತೆಗೆದುಕೊಳ್ಳುವಾಗ ಸಂಬಳದ ಬೇರೆ ಕೆಲಸ ಮಾಡುವಂತಿಲ್ಲ. "ಎಲ್ಲರೂ ಮಾಡ್ತಾರೆ" ಅಂತ ಹೇಳುವವರು ಸಿಗುತ್ತಾರೆ, ನಂಬಬೇಡಿ. ಸಿಕ್ಕಿಬಿದ್ದರೆ ತೆಗೆದುಕೊಂಡ ದುಡ್ಡು ವಾಪಸ್ ಕಟ್ಟಬೇಕಾಗಬಹುದು.

ದುಡ್ಡಿನ ಲೆಕ್ಕ ಹೀಗಿದೆ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ ಮೇಲೆ ಅದರ ಮುಂದಿನ ಹಂತ ಎಸ್‌ಆರ್‌ಎಫ್ ಆದರೆ 42,000. ಹಾಸ್ಟೆಲ್‌ನಲ್ಲಿ ಇದ್ದರೆ ಮನೆ ಬಾಡಿಗೆ ಭತ್ಯೆ ಇಲ್ಲ. ಹೊರಗೆ ರೂಮ್ ಮಾಡಿದರೆ ಉಂಟು, ಅದಕ್ಕೆ ಬೇರೆ ಅರ್ಜಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಈ ದುಡ್ಡು ಪ್ರತಿ ತಿಂಗಳು ತಾನಾಗೇ ಬರುವುದಿಲ್ಲ. ನೀವು ಆ ತಿಂಗಳು ಹಾಜರಿದ್ದೀರಿ ಅಂತ ಇಲಾಖೆಯಿಂದ ಪತ್ರ ಹೋಗಬೇಕು. ಸೆಕ್ಷನ್‌ನಲ್ಲಿ ಒಬ್ಬರು ಅದನ್ನು ಪೋರ್ಟಲ್‌ನಲ್ಲಿ ಹಾಕಬೇಕು, ಇನ್ನೊಬ್ಬರು ಒಪ್ಪಬೇಕು. ಮೇಕರ್, ಚೆಕರ್ ಅಂತಾರೆ ಅವರಿಗೆ. ಚೆಕರ್ ರಜೆ ಹಾಕಿದರೆ ಆ ತಿಂಗಳು ನಿಂತಿತು. ಹೀಗೆ ನಾಲ್ಕೈದು ತಿಂಗಳು ಒಟ್ಟಿಗೆ ಬಾಕಿ ಆಗುವುದು ಮಾಮೂಲಿ. ಅದಕ್ಕೇ ಆ ಇಬ್ಬರು ಯಾರು ಅಂತ ಮೊದಲ ವಾರವೇ ತಿಳಿದುಕೊಳ್ಳಿ. ತಿಂಗಳ ಕೊನೆಯಲ್ಲಿ ನೀವೇ ಪತ್ರ ಹಿಡಿದು ಹೋಗಿ. ಮೊದಲ ಬಾಕಿ ಒಟ್ಟಿಗೆ ಬಂದಾಗ ಮೂರು ತಿಂಗಳ ಖರ್ಚಿನಷ್ಟು ಪಕ್ಕಕ್ಕೆ ಇಡಿ. ಮನೆಯಲ್ಲಿ ಸಾಲ ಇದ್ದರೂ ಇಡಿ.

ಇನ್ನೊಂದು ಲೆಕ್ಕ ತುಂಬಾ ಜನ ಗಮನಿಸುವುದಿಲ್ಲ. ಜೆಆರ್‌ಎಫ್, ಎಸ್‌ಆರ್‌ಎಫ್ ಎರಡೂ ಸೇರಿ ಐದು ವರ್ಷ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಅಂದರೆ ಆರನೇ ವರ್ಷಕ್ಕೆ ಕಾಲಿಟ್ಟರೆ ಕೈಯಲ್ಲಿ ದುಡ್ಡು ಇರುವುದಿಲ್ಲ. ನಿಮ್ಮ ಯೋಜನೆ ಐದು ವರ್ಷಕ್ಕೇ ಇರಲಿ.

ಕೊನೆಗೆ, ನಿಮ್ಮ ವಿಶ್ವವಿದ್ಯಾಲಯದ ಪಿಎಚ್‌ಡಿ ನಿಯಮಾವಳಿ ಒಂದು ಪ್ರತಿ ತೆಗೆದು ಪೂರ್ತಿ ಓದಿ. ಯುಜಿಸಿ ನಿಯಮ ಒಂದು ಕಡೆ, ನಿಮ್ಮಲ್ಲಿ ಜಾರಿ ಇರುವುದು ಇನ್ನೊಂದು ಕಡೆ ಇರಬಹುದು. ಕೋರ್ಸ್ ವರ್ಕ್ (ಮೊದಲು ಮುಗಿಸಬೇಕಾದ ತರಗತಿಗಳು) ಯಾವಾಗ, ಪ್ರಗತಿ ವರದಿ ಯಾವ ತಿಂಗಳು, ಶೀರ್ಷಿಕೆ ಬದಲಾಯಿಸಲು ಎಷ್ಟು ಅವಕಾಶ, ಎಲ್ಲ ಅದರಲ್ಲಿದೆ. ಕಾರಿಡಾರ್‌ನಲ್ಲಿ ಸಿಗುವ ಸಲಹೆಯಲ್ಲಿ ಅರ್ಧ ಹಳೆಯ ನಿಯಮದ್ದು. ಉದಾಹರಣೆಗೆ, ಥೀಸಿಸ್ ಕೊಡುವ ಮುಂಚೆ ಜರ್ನಲ್‌ನಲ್ಲಿ ಲೇಖನ ಬರಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿತು. ಆದರೂ ಕೆಲವು ವಿಶ್ವವಿದ್ಯಾಲಯಗಳು ಕೇಳುತ್ತವೆ. ನಿಮ್ಮದು ಕೇಳುತ್ತದಾ ಅಂತ ನೋಡಿಕೊಳ್ಳಿ.

ಕಡತಗಳ ನಡುವೆ

ವಿಷಯದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನಿಮ್ಮ ವಿಷಯ ನನಗೆ ತುಂಬಾ ಹತ್ತಿರದ್ದು.

"ಮೈಸೂರು ಸಂಸ್ಥಾನದ ಕೆರೆಗಳು" ಅನ್ನುವುದು ವಿಷಯ ಅಲ್ಲ, ಒಂದು ಜೀವಮಾನದ ಕೆಲಸ. ಇದನ್ನು ಹಿಡಿದು ಓದೋಕೆ ಕೂತರೆ ಶಾಸನದಿಂದ ಹಿಡಿದು ಸಣ್ಣ ನೀರಾವರಿ ಇಲಾಖೆವರೆಗೆ ಎಲ್ಲವೂ ಬೇಕು ಅನ್ನಿಸುತ್ತದೆ. ಎರಡು ವರ್ಷ ಓದಿದರೂ ಬರೆಯೋಕೆ ಏನೂ ಇರುವುದಿಲ್ಲ. ಗೈಡ್ "ಓದು" ಅಂದಾಗ ಏನನ್ನು ಅಂತ ಗೊತ್ತಾಗದೇ ಇರುವುದಕ್ಕೆ ಕಾರಣ ನೀವಲ್ಲ. ಕೈಯಲ್ಲಿ ಪ್ರಶ್ನೆ ಇಲ್ಲ, ಅಷ್ಟೇ.

ಹೀಗೆ ಮಾಡಿ ನೋಡಿ. ಕೆರೆಗೆ ಏರಿ ಇದೆ, ತೂಬು ಇದೆ, ಕೋಡಿ ಇದೆ. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವ ನೀರುಗಂಟಿ ಇದ್ದ. ಅವನಿಗೆ ಊರಿನವರು ಫಸಲಿನಲ್ಲಿ ಪಾಲು ಕೊಡುತ್ತಿದ್ದರು. ಸರ್ಕಾರ ಕೆರೆ ರಿಪೇರಿಯನ್ನು ಇಲಾಖೆಯ ಕೆಲಸ ಮಾಡಿಕೊಂಡಾಗ ಈ ನೀರುಗಂಟಿಯ ಸ್ಥಾನ ಏನಾಯಿತು? ಇದು ಪ್ರಶ್ನೆ. ಈಗ ಕಾಲ ಕಟ್ಟಿ. 1881ರಲ್ಲಿ ಬ್ರಿಟಿಷರಿಂದ ಒಡೆಯರಿಗೆ ಆಡಳಿತ ವಾಪಸ್ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಅಲ್ಲಿಂದ ಮೂವತ್ತು ವರ್ಷ ಸಾಕು. ಒಂದು ಜಿಲ್ಲೆ, ಆಗದಿದ್ದರೆ ಎರಡು ತಾಲ್ಲೂಕು ಸಾಕು.

ಈಗ ನೋಡಿ, ಓದುವ ಪಟ್ಟಿ ತಾನಾಗೇ ಬರುತ್ತದೆ. ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು ಅಚ್ಚಾಗಿವೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್, ಅಂದರೆ ಸಂಸ್ಥಾನದ ವಿವರಗಳ ಪುಸ್ತಕ, 1897ರ ಪರಿಷ್ಕೃತ ಆವೃತ್ತಿ ಇದೆ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇದೆ. ಅಲ್ಲಿಗೆ ಮೊದಲ ಸಲ ಹೋಗುವಾಗ ಇಲಾಖೆ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ. ಫೋಟೋ ತೆಗೆಯಲು ಅನುಮತಿ ಬೇಕಾ ಅಂತ ಕೇಳಿಯೇ ತೆಗೆಯಿರಿ. ಕಡತ ಕೈಗೆ ಬಂದ ತಕ್ಷಣ ಕಡತದ ಸಂಖ್ಯೆ, ವರ್ಷ, ಇಲಾಖೆಯ ಹೆಸರು ಬರೆದುಕೊಳ್ಳಿ. ಆಮೇಲೆ ವಿಷಯ. ಕೆಳಗೆ ನಿಮ್ಮದೇ ಮಾತಿನಲ್ಲಿ ಎರಡು ಸಾಲು: ಈ ಕಡತ ನನಗೆ ಯಾಕೆ ಬೇಕು? ಆ ಎರಡು ಸಾಲು ಬರೆಯದೆ ಕಡತ ವಾಪಸ್ ಕೊಡಬೇಡಿ. ನಾಲ್ಕು ವರ್ಷ ಆದ ಮೇಲೆ ಸಾವಿರ ಫೋಟೋಗಳ ಮಧ್ಯೆ ನಿಮ್ಮನ್ನು ಕಾಪಾಡುವುದು ಆ ಸಾಲುಗಳೇ.

ಹಾಗೇ ಶೋಧಗಂಗಾದಲ್ಲಿ ಹುಡುಕಿ. ದೇಶದ ಲಕ್ಷಾಂತರ ಥೀಸಿಸ್‌ಗಳು ಅಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದವೂ ಇವೆ. ನಿಮ್ಮ ವಿಷಯದ ಹತ್ತಿರ ಇರುವ ಮೂರು ಥೀಸಿಸ್ ಇಳಿಸಿಕೊಳ್ಳಿ. ಪೂರ್ತಿ ಓದಬೇಕಾಗಿಲ್ಲ. ಅಧ್ಯಾಯ ಹೇಗೆ ಕಟ್ಟಿದ್ದಾರೆ, ಎಲ್ಲಿ ಸುಮ್ನೆ ಪುಟ ತುಂಬಿಸಿದ್ದಾರೆ, ನೋಡಿ. ಒಂದು ಮುಗಿದ ಥೀಸಿಸ್ ಕಣ್ಣಾರೆ ಕಂಡರೆ ಅರ್ಧ ಭಯ ಹೋಗುತ್ತದೆ.

ಬಯಲುಸೀಮೆ ಓದುಗಿ

ನೀರುಗಂಟಿ! ನಮ್ಮ ಅಜ್ಜನ ಊರಿನಲ್ಲಿ ಆ ಮನೆತನದವರು ಈಗಲೂ ಇದ್ದಾರೆ. ನನಗೆ ಇದು ಹೊಳೆದೇ ಇರಲಿಲ್ಲ.

ಕಡತಗಳ ನಡುವೆ

ಹಾಗಾದರೆ ಅವರ ಹತ್ತಿರ ಮಾತಾಡಿ, ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿ. ಪತ್ರಾಗಾರ ಕಾಯುತ್ತದೆ, ವಯಸ್ಸಾದವರು ಕಾಯುವುದಿಲ್ಲ. ಈ ಕೆಲಸ ಮೊದಲು.

ಲ್ಯಾಬ್ ಕೋಟು

ನಾನು ಬೆಂಗಳೂರಿನಲ್ಲಿ ಜೀವವಿಜ್ಞಾನದ ಲ್ಯಾಬ್‌ನಲ್ಲಿದ್ದೇನೆ. ನಿಮ್ಮ ಲೋಕ ಬೇರೆ, ಆದರೂ ಒಂದು ಮಾತು ಎರಡೂ ಕಡೆ ನಡೆಯುತ್ತದೆ. ಬರೆದದ್ದು ಮಾತ್ರ ನಿಮ್ಮದು. ನಮ್ಮಲ್ಲಿ ಪ್ರಯೋಗ ಮಾಡಿದ ದಿನವೇ ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆಯಬೇಕು. ಕೈಕೊಟ್ಟ ಪ್ರಯೋಗವನ್ನೂ ಬರೆಯಬೇಕು. ಒಂದು ವರ್ಷ ಬಿಟ್ಟು ಪರೀಕ್ಷಕರು "ಈ ತಾಪಮಾನ ಯಾಕೆ ತೆಗೆದುಕೊಂಡಿರಿ?" ಅಂದಾಗ ನೆನಪಿನಿಂದ ಉತ್ತರ ಬರುವುದಿಲ್ಲ.

ಲೇಖನದಲ್ಲಿ ಯಾರ ಹೆಸರು ಮೊದಲು ಅನ್ನುವ ಜಗಳ ನಮ್ಮ ಕಡೆ ಜಾಸ್ತಿ. ಕೆಲಸ ಶುರು ಮಾಡುವಾಗಲೇ ಕೇಳಿಬಿಡಿ. ಕೊನೆಗೆ ಕೇಳಿದರೆ ಅದು ದೂರಿನ ಹಾಗೆ ಕೇಳಿಸುತ್ತದೆ, ಮೊದಲು ಕೇಳಿದರೆ ಮಾಮೂಲಿ ಮಾತು.

ಡೇಟಾ ಮೂರು ಕಡೆ ಇರಲಿ: ಲ್ಯಾಪ್‌ಟಾಪ್, ಹೊರಗಿನ ಹಾರ್ಡ್‌ಡಿಸ್ಕ್, ಆನ್‌ಲೈನ್. ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ಸಾಫ್ಟ್‌ವೇರ್ ಉಚಿತ, ಇವತ್ತೇ ಹಾಕಿಕೊಳ್ಳಿ. ಎಐ ಕೇಳಿ ಉಲ್ಲೇಖ ಪಟ್ಟಿ ಮಾಡಬೇಡಿ. ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಸಮೇತ ಉಲ್ಲೇಖ ಕೊಡುತ್ತದೆ. ಕಣ್ಣಿಂದ ನೋಡದ ಯಾವುದನ್ನೂ ಥೀಸಿಸ್‌ನಲ್ಲಿ ಹಾಕಬಾರದು.

ಎರಡನೇ ವರ್ಷ

ನಮ್ಮ ಗೈಡ್ ಹೋದ ತಿಂಗಳು ಒಂದು ಹೇಳಿದರು, ಈ ತಿಂಗಳು ಅದರ ಉಲ್ಟಾ. "ನಾನು ಹಾಗೆ ಹೇಳೇ ಇಲ್ಲ" ಅಂತಾರೆ. ಏನು ಮಾಡೋದು?

ಹಳೇ ಸ್ಕಾಲರ್

ಭೇಟಿ ಆದ ದಿನ ಸಂಜೆಯೇ ಒಂದು ಮೇಲ್ ಹಾಕಿ. ಉದ್ದ ಬೇಡ. "ಸರ್, ಇವತ್ತು ತಾವು ಎರಡನೇ ಅಧ್ಯಾಯದಲ್ಲಿ ಕಂದಾಯ ದಾಖಲೆ ಸೇರಿಸಲು ಹೇಳಿದಿರಿ. ಮುಂದಿನ ತಿಂಗಳ 10ಕ್ಕೆ ಕರಡು ಕೊಡುತ್ತೇನೆ. ತಪ್ಪಾಗಿ ತಿಳಿದಿದ್ದರೆ ತಿಳಿಸಿ." ಇಷ್ಟೇ. ಅವರು ಉತ್ತರ ಕೊಡದಿದ್ದರೂ ಪರವಾಗಿಲ್ಲ. ಆರು ತಿಂಗಳಿಗೊಮ್ಮೆ ನಿಮ್ಮ ಕೆಲಸ ನೋಡುವ ಸಲಹಾ ಸಮಿತಿ ಮುಂದೆ ಕೂತಾಗ ಈ ಮೇಲ್‌ಗಳೇ ನಿಮ್ಮ ಪ್ರಗತಿ ವರದಿ.

ನಿವೃತ್ತ ಮೇಷ್ಟ್ರು

ಗೈಡ್ ಆಗಿದ್ದವನು ನಾನು, ಆ ಕಡೆಯ ಮಾತನ್ನೂ ಕೇಳಿ. ಮೇಲ್ ಹಾಕುವುದು ಒಳ್ಳೆಯದೇ. ಆದರೆ ಬರೀ ದಾಖಲೆಗಾಗಿ ಬರೆದ ಮೇಲ್ ಗೈಡ್‌ಗೆ ಗೊತ್ತಾಗುತ್ತದೆ, ಮನಸ್ಸು ಮುದುಡುತ್ತದೆ. ಅದರ ಜೊತೆ ಎರಡು ಪುಟ ಬರಹ ಇರಲಿ. ಪ್ರೊಫೆಸರ್ ಕೈಕೆಳಗೆ ಎಂಟು ಜನ, ಅಸೋಸಿಯೇಟ್‌ಗೆ ಆರು, ಅಸಿಸ್ಟೆಂಟ್‌ಗೆ ನಾಲ್ಕು ಜನ ಸ್ಕಾಲರ್‌ಗಳು ಇರಬಹುದು. ಪಾಠ, ಪರೀಕ್ಷೆ, ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ನ್ಯಾಕ್‌ನ ಕೆಲಸ ಬೇರೆ. ಬರಿಗೈಯಲ್ಲಿ ಬಂದು "ಸರ್, ಏನು ಮಾಡಲಿ?" ಅನ್ನುವ ವಿದ್ಯಾರ್ಥಿಗೆ ನಾವು ಹೇಳುವುದು "ಓದು" ಅಂತಲೇ. ಎರಡು ಪುಟ ಹಿಡಿದು ಬಂದವರಿಗೆ ಪೆನ್ನು ತೆಗೆಯುತ್ತೇವೆ. ಆ ಎರಡು ಪುಟ ಕೆಟ್ಟದಾಗಿದ್ದರೂ ಸರಿ. ತಿದ್ದಲು ಏನಾದರೂ ಬೇಕಲ್ಲ.

ಸೇರುವ ಮುಂಚೆ ಇದನ್ನು ಓದುತ್ತಿರುವವರಿಗೆ ಇನ್ನೊಂದು ಮಾತು. ನಿಮ್ಮ ಗೈಡ್ ನಿವೃತ್ತಿಗೆ ಎಷ್ಟು ವರ್ಷ ಇದೆ ಅಂತ ಕೇಳಿ. ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಾಲ್ಕು ವರ್ಷ ಇದ್ದರೂ ನಿಮ್ಮ ಕೊನೆಯ ಹಂತದಲ್ಲಿ ಅವರು ಇಲಾಖೆಯಲ್ಲಿ ಇರುವುದಿಲ್ಲ. ಕೇಳುವುದಕ್ಕೆ ಸಂಕೋಚ ಬೇಡ.

ದೂರದ ದಾರಿ

ನಾನು ಅಮೆರಿಕದಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೂಲ ಹಾಸನ. ಇಲ್ಲಿ ಮೊದಲ ಎರಡು ವರ್ಷ ತರಗತಿ, ಪಾಠ ಮಾಡುವ ಕೆಲಸ, ಆಮೇಲೆ ಅರ್ಹತಾ ಪರೀಕ್ಷೆ. ಪಾಸಾಗದಿದ್ದರೆ ಮಾಸ್ಟರ್ಸ್ ಪದವಿ ಪಡೆದು ಹೊರಗೆ ಹೋಗುವ ದಾರಿಯೂ ಇದೆ, ಅದರಲ್ಲಿ ಅವಮಾನ ಏನೂ ಇಲ್ಲ.

ಗೈಡ್ ಆರಿಸಿಕೊಳ್ಳುವ ಮೊದಲು ಆ ಲ್ಯಾಬ್‌ನಿಂದ ಈಗಾಗಲೇ ಹೊರಗೆ ಹೋದವರ ಹತ್ತಿರ ಮಾತಾಡಿ. ಒಳಗಿರುವವರು ಪೂರ್ತಿ ಹೇಳುವುದಿಲ್ಲ. "ನೀವು ಮುಗಿಸೋಕೆ ಎಷ್ಟು ವರ್ಷ ಆಯ್ತು? ನಿಮ್ಮ ಜೊತೆ ಸೇರಿದವರಲ್ಲಿ ಅರ್ಧಕ್ಕೆ ಬಿಟ್ಟವರು ಯಾರಾದರೂ ಇದ್ದಾರಾ?" ಈ ಎರಡು ಪ್ರಶ್ನೆ ಸಾಕು. ಇಲ್ಲಿಗೆ ಬರುವವರು ಕೈಗೆ ಬರುವ ಪತ್ರದಲ್ಲಿ ಸ್ಟೈಪೆಂಡ್ ಒಂಬತ್ತು ತಿಂಗಳಿಗಾ, ಹನ್ನೆರಡು ತಿಂಗಳಿಗಾ ಅಂತ ನೋಡಿ. ಬೇಸಿಗೆಗೆ ದುಡ್ಡಿಲ್ಲದಿದ್ದರೆ ಕಷ್ಟ, ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಹೊರಗೆ ಹೋಗಿ ಇಷ್ಟಬಂದ ಕೆಲಸ ಮಾಡುವಂತಿಲ್ಲ. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗಿನ ಕೆಲಸಕ್ಕೂ ವಾರಕ್ಕೆ 20 ಗಂಟೆಯ ಮಿತಿ.

ನನ್ನನ್ನು ಉಳಿಸಿದ್ದು ಪ್ರತಿ ಶನಿವಾರ ಒಟ್ಟಿಗೆ ಕೂತು ಬರೆಯುವ ನಾಲ್ಕು ಜನರ ಗುಂಪು. ಒಬ್ಬಳು ಸಮಾಜಶಾಸ್ತ್ರ, ಒಬ್ಬ ಎಂಜಿನಿಯರ್. ಯಾರಿಗೂ ಇನ್ನೊಬ್ಬರ ವಿಷಯ ಗೊತ್ತಿಲ್ಲ. ಆದರೂ ಆ ಎರಡು ಗಂಟೆ ಎಲ್ಲರೂ ಬರೆಯುತ್ತೇವೆ.

ಮಗು ಮತ್ತು ಥೀಸಿಸ್

ಹೆಣ್ಣುಮಕ್ಕಳಿಗೆ ಇದನ್ನು ಹೇಳಲೇಬೇಕು, ಯಾಕೆಂದರೆ ಇಲಾಖೆಯಲ್ಲಿ ಯಾರೂ ಕರೆದು ಹೇಳುವುದಿಲ್ಲ. 2022ರ ನಿಯಮದಲ್ಲಿ ಹೆರಿಗೆ ಮತ್ತು ಮಕ್ಕಳ ಪಾಲನೆಗೆ 240 ದಿನದವರೆಗೆ ರಜೆ ಇದೆ. ಎಲ್ಲರಿಗೂ ಇರುವ ಆರು ವರ್ಷ, ಅದು ಮುಗಿದು ಮರುನೋಂದಣಿ ಮಾಡಿಸಿದರೆ ಸಿಗುವ ಎರಡು ವರ್ಷದ ಮೇಲೆ ಮಹಿಳೆಯರಿಗೆ ಇನ್ನೂ ಎರಡು ವರ್ಷ ಸಿಗುತ್ತದೆ. ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಇದು ಉಂಟು. ಮದುವೆಯಾಗಿಯೋ ಬೇರೆ ಕಾರಣಕ್ಕೋ ಊರು ಬದಲಾದರೆ, ಮಾಡಿದ ಸಂಶೋಧನೆಯನ್ನು ಹೊಸ ವಿಶ್ವವಿದ್ಯಾಲಯಕ್ಕೆ ತೆಗೆದುಕೊಂಡು ಹೋಗುವ ಅವಕಾಶವೂ ಇದೆ, ಷರತ್ತುಗಳ ಸಮೇತ. ನನ್ನ ಪರಿಚಯದಲ್ಲೇ ಇಬ್ಬರು ಮದುವೆ ಆದ ಮೇಲೆ "ಇನ್ನು ಮುಗಿಯಿತು" ಅಂತ ಬಿಟ್ಟುಬಿಟ್ಟರು. ಇಂಥ ಸಾಲೊಂದು ನಿಯಮದಲ್ಲಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಾರ್ಟ್ ಟೈಮ್ ಪಿಎಚ್‌ಡಿ ಮಾಡುತ್ತಿದ್ದೇನೆ. ಬೆಳಗ್ಗೆ ಐದರಿಂದ ಆರೂವರೆ ನನ್ನ ಸಮಯ, ಮಗಳು ಏಳುವವರೆಗೆ. ಹಿಂದಿನ ರಾತ್ರಿ ನಿಲ್ಲಿಸುವಾಗ ಮುಂದಿನ ವಾಕ್ಯ ಏನು ಅಂತ ಒಂದು ಚೀಟಿಯಲ್ಲಿ ಬರೆದಿಡುತ್ತೇನೆ. ಬೆಳಗ್ಗೆ ಅಲ್ಲಿಂದಲೇ ಶುರು. "ಇಡೀ ದಿನ ಬಿಡುವು ಸಿಕ್ಕಾಗ ಬರೆಯೋಣ" ಅಂದುಕೊಂಡರೆ ಆ ದಿನ ಬರುವುದೇ ಇಲ್ಲ.

ಎರಡನೇ ವರ್ಷ

ಗೈಡ್ ಮನೆ ಕೆಲಸ ಹೇಳ್ತಾರೆ. ಬ್ಯಾಂಕ್‌ಗೆ ಹೋಗು, ಮಗನ ಪ್ರಾಜೆಕ್ಟ್ ಟೈಪ್ ಮಾಡು, ಹೀಗೆ. ಇಲ್ಲ ಅನ್ನೋಕೆ ಆಗ್ತಿಲ್ಲ. ಸೀನಿಯರ್‌ಗಳು "ವೈವಾ (ಕೊನೆಯ ಮೌಖಿಕ ಪರೀಕ್ಷೆ) ತನಕ ಸಹಿಸ್ಕೊ" ಅಂತಾರೆ.

ಹಳೇ ಸ್ಕಾಲರ್

ಸೀನಿಯರ್‌ಗಳ ಮಾತು ಕೇಳಬೇಡಿ. "ಸರ್, ಇವತ್ತು ಪತ್ರಾಗಾರಕ್ಕೆ ಹೋಗಬೇಕು, ಅಧ್ಯಾಯ ಬಾಕಿ ಇದೆ" ಅಂತ ಕೆಲಸದ ಕಾರಣ ಕೊಟ್ಟು ತಪ್ಪಿಸಿಕೊಳ್ಳುವುದರಿಂದ ಶುರು ಮಾಡಿ. ಅರ್ಧ ಜನ ಅಷ್ಟಕ್ಕೇ ಬಿಡುತ್ತಾರೆ. ಬಿಡದಿದ್ದರೆ ಸಲಹಾ ಸಮಿತಿಯಲ್ಲಿ ನಂಬಿಕೆ ಇರುವ ಒಬ್ಬರ ಹತ್ತಿರ ಮಾತಾಡಿ. ಗೈಡ್ ಬದಲಾವಣೆಗೆ ಅರ್ಜಿ ಹಾಕಬಹುದು, ಬೇಗ ಹಾಕಿದಷ್ಟು ಒಳ್ಳೆಯದು. ಇನ್ನು ಲೈಂಗಿಕ ಕಿರುಕುಳದ ವಿಷಯಕ್ಕೆ ಬಂದರೆ ಹೊಂದಾಣಿಕೆಯ ಮಾತೇ ಇಲ್ಲ. ಪ್ರತಿ ವಿಶ್ವವಿದ್ಯಾಲಯದಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಸಂದೇಶ, ಕರೆ, ತಾರೀಖು ಎಲ್ಲ ಉಳಿಸಿಕೊಂಡು ಅಲ್ಲಿಗೇ ಹೋಗಿ. ಒಬ್ಬರೇ ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ನಿವೃತ್ತ ಮೇಷ್ಟ್ರು

ಇದನ್ನು ಓದಿ ಬೇಸರವಾಯಿತು. ವಿದ್ಯಾರ್ಥಿ ಸಂಶೋಧಕ, ಮನೆ ಆಳಲ್ಲ. ಈ ಚಾಳಿ ಇರುವ ಗೈಡ್‌ಗಳನ್ನು ಸಹೋದ್ಯೋಗಿಗಳಾದ ನಾವೇ ತಡೆಯಬೇಕಿತ್ತು.

ಮೌನ ಓದುಗ

ನಾಲ್ಕನೇ ವರ್ಷದಲ್ಲಿದ್ದೇನೆ. ಜೊತೆಗೆ ಓದಿದವರು ಪಿಡಿಒ ಆದರು, ಬ್ಯಾಂಕ್ ಸೇರಿದರು. ಹಬ್ಬಕ್ಕೆ ಊರಿಗೆ ಹೋದರೆ "ಇನ್ನೂ ಓದ್ತಾನೇ ಇದೀಯಾ?" ಅಂತಾರೆ. ಈ ಸಲ ದೀಪಾವಳಿಗೆ ಹೋಗಲೇ ಇಲ್ಲ. ರಾತ್ರಿ ನಿದ್ದೆ ಬರಲ್ಲ. ಫೈಲ್ ತೆಗೆದರೆ ಎದೆ ಬಡಿದುಕೊಳ್ಳುತ್ತೆ.

ಮಗು ಮತ್ತು ಥೀಸಿಸ್

ತಮ್ಮಾ, ಇದನ್ನು ಇಲ್ಲಿ ಬರೆದದ್ದು ಒಳ್ಳೆಯದಾಯಿತು. ನಿದ್ದೆ ಹೋಗಿದ್ದರೆ ಮೊದಲು ಅದಕ್ಕೆ ಸಹಾಯ ತಗೋ, ಥೀಸಿಸ್ ಆಮೇಲೆ. 14416ಕ್ಕೆ ಕರೆ ಮಾಡು. ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ದೂರದ ದಾರಿ

ನಾನೂ ಆ ಹಂತ ದಾಟಿದ್ದೇನೆ. ನಿಮ್ಮ ಮುಂದಿರುವ ಫೈಲ್‌ನ ಒಂದೇ ಒಂದು ಉಪಶೀರ್ಷಿಕೆ ತೆಗೆದು, ಅದಕ್ಕೆ ಬೇರೆ ಫೈಲ್ ಮಾಡಿ. ಇಡೀ ಥೀಸಿಸ್ ತೆರೆಯಬೇಡಿ. ಆ ಸಣ್ಣ ಫೈಲ್ ಮಾತ್ರ. ಶನಿವಾರ ನಮ್ಮ ಗುಂಪಿಗೆ ವಿಡಿಯೋದಲ್ಲಿ ಸೇರಿಕೊಳ್ಳಿ, ಇಲ್ಲಿನ ಬೆಳಗ್ಗೆ ಅಲ್ಲಿ ಸಂಜೆ. ಲಿಂಕ್ ಕಳಿಸುತ್ತೇನೆ.

ಮೌನ ಓದುಗ

ಕಳಿಸಿ. ಬರುತ್ತೇನೆ. ನಾಳೆ ಆ ನಂಬರಿಗೂ ಕರೆ ಮಾಡುತ್ತೇನೆ.

ಲ್ಯಾಬ್ ಕೋಟು

ಪ್ರಕಟಣೆ ಬಗ್ಗೆ ಎರಡೇ ಮಾತು. "ಒಂದು ವಾರದಲ್ಲಿ ಪ್ರಕಟ, ಪ್ರಮಾಣಪತ್ರ ಸಮೇತ" ಅಂತ ವಾಟ್ಸಾಪ್‌ಗೆ ಬರುವ ಜರ್ನಲ್‌ಗಳಿಗೆ ದುಡ್ಡು ಕೊಡಬೇಡಿ. ಒಪ್ಪಿತ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿದ್ದಾರೆ, ಹಾಗಾಗಿ ಜರ್ನಲ್ ಒಳ್ಳೆಯದಾ ಅಂತ ನೀವೇ ನೋಡಬೇಕು. ಸುಲಭ ದಾರಿ: ನೀವು ಓದಿ ಮೆಚ್ಚಿದ ಲೇಖನಗಳು ಎಲ್ಲಿ ಬಂದಿವೆಯೋ ಅಲ್ಲಿಗೆ ಕಳಿಸಿ.

ಬಯಲುಸೀಮೆ ಓದುಗಿ

ಎಲ್ಲರಿಗೂ ತುಂಬಾ ಧನ್ಯವಾದ. ನಿಯಮಾವಳಿ ತೆಗೆಸಿಕೊಂಡೆ. ಸೆಕ್ಷನ್‌ನಲ್ಲಿ ಮೇಕರ್ ಯಾರು ಅಂತ ಗೊತ್ತಾಯಿತು, ನನ್ನ ಸೇರ್ಪಡೆ ವರದಿಯೇ ಇನ್ನೂ ಅಪ್‌ಲೋಡ್ ಆಗಿರಲಿಲ್ಲ. ಈಗ ಆಯಿತು. ನೀರುಗಂಟಿ ವಿಷಯದ ಮೇಲೆ ಎರಡು ಪುಟ ಬರೆದು ಗೈಡ್‌ಗೆ ಕೊಟ್ಟೆ. ಮುಕ್ಕಾಲು ಗಂಟೆ ಕೂರಿಸಿಕೊಂಡು ಮಾತಾಡಿದರು! ಮೊದಲ ಸಲ. ಅಧ್ಯಾಯ ಕನ್ನಡದಲ್ಲೇ ಬರೆಯುತ್ತೇನೆ ಅಂದೆ, ಒಪ್ಪಿದರು. ಕೊನೆಯ ಪ್ರಶ್ನೆ: ನುಡಿಯಲ್ಲಿ ಟೈಪ್ ಮಾಡಲಾ, ಯುನಿಕೋಡ್‌ನಲ್ಲಾ? ಇಲಾಖೆಯ ಡಿಟಿಪಿಯವರು ಹಳೆ ನುಡಿ ಫಾಂಟ್ ಕೇಳುತ್ತಿದ್ದಾರೆ.

ಕಡತಗಳ ನಡುವೆ

ಯುನಿಕೋಡ್. ಇದರಲ್ಲಿ ಎರಡು ಮಾತಿಲ್ಲ. ಹಳೆ ನುಡಿ ಫಾಂಟ್‌ನಲ್ಲಿ ಬರೆದದ್ದನ್ನು ಕಂಪ್ಯೂಟರ್ ಕನ್ನಡ ಅಂತ ಗುರುತಿಸುವುದೇ ಇಲ್ಲ. ಫೈಲ್ ಒಳಗೆ ಒಂದು ಪದ ಸರಿಯಾಗಿ ಹುಡುಕಲು ಆಗುವುದಿಲ್ಲ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಹೋದರೆ ಅಕ್ಷರ ಕಲಸಿಹೋಗುತ್ತದೆ. ನಾಳೆ ನಿಮ್ಮ ಥೀಸಿಸ್ ಶೋಧಗಂಗಾಕ್ಕೆ ಹೋದಾಗ "ನೀರುಗಂಟಿ" ಅಂತ ಹುಡುಕಿದವರಿಗೆ ಅದು ಸಿಗಬೇಕಲ್ಲ. ಕೀಲಿಮಣೆ ವಿನ್ಯಾಸ ನುಡಿಯದೇ ಇರಲಿ, ಬೆರಳಿಗೆ ರೂಢಿಯಾಗಿದ್ದರೆ ಬದಲಿಸಬೇಕಾಗಿಲ್ಲ. ಫಾಂಟ್ ಮಾತ್ರ ಯುನಿಕೋಡ್.

ನಕಲು ಪರಿಶೀಲನೆಗೂ ಅದೇ ಫೈಲ್ ಕೊಡಿ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ. 10 ದಾಟಿ 40ರ ಒಳಗಿದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು. ಕನ್ನಡಕ್ಕೆ ಈ ಸಾಫ್ಟ್‌ವೇರ್ ಸರಿಯಾಗಿ ಓದುವುದಿಲ್ಲ ಅಂತ ಯಾರಾದರೂ ಹೇಳಿದರೆ ಅದನ್ನು ರಿಯಾಯಿತಿ ಅಂದುಕೊಳ್ಳಬೇಡಿ, ಪರೀಕ್ಷಕರು ಕನ್ನಡ ಓದುತ್ತಾರೆ. ಡಿಟಿಪಿಯವರಿಗೆ ಕೊನೆಯ ಪುಟವಿನ್ಯಾಸ ಮಾತ್ರ ಬಿಡಿ, ಅದನ್ನೂ ಯುನಿಕೋಡ್‌ನಲ್ಲೇ ಮಾಡಿಕೊಡಿ ಅಂತ ಈಗಲೇ ಹೇಳಿಡಿ. ಪತ್ರಾಗಾರಕ್ಕೆ ಕೊಡಬೇಕಾದ ಮನವಿ ಪತ್ರದ ಮಾದರಿ ನನ್ನ ಹತ್ತಿರ ಇದೆ, ನಿಮ್ಮ ಇನ್‌ಬಾಕ್ಸ್‌ಗೆ ಹಾಕಿದ್ದೇನೆ.